ಆರು ಮಕ್ಕಳ ತರಗತಿಗೆ ಶೇಕಡಾ ಲೆಕ್ಕವೇ?

ಏಪ್ರಿಲ್ ಬಂತೆಂದರೆ ಹಳ್ಳಿಯ ಸಣ್ಣ ಪ್ರಾಥಮಿಕ ಶಾಲೆಗೆ ಎರಡು ಪರೀಕ್ಷೆ. ಒಂದು ಮಕ್ಕಳಿಗೆ ನಡೆಯುವಂಥದು. ಇನ್ನೊಂದು ಶಾಲೆಗೇ ನಡೆಯುವಂಥದು. ಈ ಎರಡನೆಯ ಪರೀಕ್ಷೆ ಪಾಲಕರ ಮನೆ ಜಗಲಿಯ ಮೇಲೆ ನಡೆಯುತ್ತದೆ. ಮಗುವನ್ನು ಜೂನ್ ತಿಂಗಳಲ್ಲಿ ಇಲ್ಲೇ ಮುಂದಿನ ತರಗತಿಗೆ ಕೂರಿಸುವುದೋ, ಪೇಟೆಯ ಶಾಲೆಯ ವ್ಯಾನು ಹತ್ತಿಸುವುದೋ ಎಂಬುದೇ ಅಲ್ಲಿ ಪ್ರಶ್ನೆ. ಎಂಟು ಹತ್ತು ಮನೆಯವರು ವ್ಯಾನಿನ ಕಡೆ ಮನಸ್ಸು ಮಾಡಿದರೆ ಊರ ಶಾಲೆಗೆ ಬೀಗ ಬಿದ್ದ ಹಾಗೆಯೇ.

ಇಷ್ಟು ದೊಡ್ಡ ತೀರ್ಮಾನಕ್ಕೆ ಆಧಾರವೇನು? ಟೈ, ಬೂಟು, ಪಕ್ಕದ ಮನೆಯ ಹುಡುಗ ಹೇಳುವ ಇಂಗ್ಲಿಷ್ ಪದ್ಯ, ಶಾಲೆಗೆ ಬಳಿದ ಬಣ್ಣ. ಶಾಲೆಯ ಕಡೆಯಿಂದ ಸಿಗುವ ಉತ್ತರವೂ ಇದಕ್ಕಿಂತ ಹೆಚ್ಚು ಗಟ್ಟಿಯಲ್ಲ. ‘ನಮ್ಮಲ್ಲಿ ಶೇಕಡಾ ನೂರು ಫಲಿತಾಂಶ’ ಎಂಬ ಒಂದು ಸಾಲು. ಪಾಠ ಚೆನ್ನಾಗಿ ನಡೆಯುತ್ತಿದೆಯೇ, ಮಗು ಮುಂದೆ ಹೋಗುತ್ತಿದೆಯೇ ಎಂಬುದನ್ನು ಈ ಎರಡೂ ಹೇಳುವುದಿಲ್ಲ.

ಶೇಕಡಾ ಮಾಡುವ ಮೋಸ

ಒಂದರಿಂದ ಐದರವರೆಗಿನ ಒಂದು ಕಿರಿಯ ಪ್ರಾಥಮಿಕ ಶಾಲೆಯನ್ನು ಊಹಿಸಿಕೊಳ್ಳಿ. ಒಟ್ಟು 28 ಮಕ್ಕಳು, ಇಬ್ಬರು ಶಿಕ್ಷಕರು. ಐದನೇ ತರಗತಿಯಲ್ಲಿ ಇರುವವರು ಆರೇ ಮಂದಿ. ಆರೂ ಮಕ್ಕಳು ಚೆನ್ನಾಗಿ ಬರೆದ ವರ್ಷ ಫಲಿತಾಂಶ ಶೇ. 100. ಮರುವರ್ಷ ಒಬ್ಬ ಹುಡುಗ ಅಪ್ಪ ಅಮ್ಮನ ಜೊತೆ ಕಬ್ಬು ಕಡಿಯಲು ಹೋಗಿ ಮೂರು ತಿಂಗಳು ಶಾಲೆ ತಪ್ಪಿಸಿಕೊಂಡ, ಫಲಿತಾಂಶ ಶೇ. 83ಕ್ಕೆ ಇಳಿಯಿತು. ಅದರ ಮರುವರ್ಷ ಇಬ್ಬರು ಹಿಂದೆ ಬಿದ್ದರು, ಶೇ. 67. ಕಾಗದ ನೋಡಿದವರು ಶಾಲೆ ಕೆಟ್ಟಿತು ಎನ್ನುತ್ತಾರೆ. ಶಿಕ್ಷಕರು ಅವರೇ, ಪಾಠ ಹೇಳುವ ರೀತಿಯೂ ಅದೇ. ಅರುವತ್ತು ಮಕ್ಕಳಿರುವ ತರಗತಿಯಲ್ಲಿ ಒಂದು ಮಗು ಹಿಂದೆ ಬಿದ್ದರೆ ಲೆಕ್ಕ ಶೇಕಡಾ ಎರಡರಷ್ಟೂ ಅಲುಗುವುದಿಲ್ಲ.

ಹಾಗಾದರೆ ಸಣ್ಣ ಶಾಲೆಯನ್ನು ಅಳೆಯುವುದೇ ಸಾಧ್ಯವಿಲ್ಲವೇ? ಖಂಡಿತ ಸಾಧ್ಯವಿದೆ. ದೊಡ್ಡ ಶಾಲೆಗಿಂತ ಸುಲಭವಾಗಿಯೇ ಸಾಧ್ಯವಿದೆ. ಆರು ಮಕ್ಕಳನ್ನು ಒಬ್ಬೊಬ್ಬರಾಗಿ ಎದುರಿಗೆ ಕೂರಿಸಿಕೊಂಡು ಐದೈದು ನಿಮಿಷ ಓದಿಸಿದರೆ ಅರ್ಧ ಗಂಟೆ ಸಾಕು. ಸಣ್ಣ ಶಾಲೆಯಲ್ಲಿ ಪ್ರತಿ ಮಗುವಿಗೂ ಹೆಸರುಂಟು. ಅಳತೆಯೂ ಹೆಸರು ಹಿಡಿದೇ ನಡೆಯಬೇಕು.

ಓದಿಸಿ ನೋಡುವುದು

ದೇಶದ ಹಳ್ಳಿಗಳಲ್ಲಿ ಮಕ್ಕಳ ಕಲಿಕೆ ಎಷ್ಟಾಗಿದೆ ಎಂದು ತಿಳಿಯಲು 2005ರಿಂದ ‘ಅಸರ್’ ಎಂಬ ಸಮೀಕ್ಷೆ ನಡೆಯುತ್ತಿದೆ. ‘ಪ್ರಥಮ್’ ಸಂಸ್ಥೆಯ ಆಶ್ರಯದ ಈ ಸಮೀಕ್ಷೆಯಲ್ಲಿ ಮನೆಗೇ ಹೋಗಿ, ಮಗುವಿನ ಕೈಗೆ ಒಂದು ಹಾಳೆ ಕೊಟ್ಟು ಓದಿಸುತ್ತಾರೆ. ಹಾಳೆಯಲ್ಲಿ ಅಕ್ಷರ, ಪದ, ಒಂದನೇ ತರಗತಿ ಮಟ್ಟದ ನಾಲ್ಕು ಸಾಲು, ಎರಡನೇ ತರಗತಿ ಮಟ್ಟದ ಪುಟ್ಟ ಕಥೆ, ಇಷ್ಟೇ. 2018ರಲ್ಲಿ ದೇಶದ ಹಳ್ಳಿಗಾಡಿನ ಐದನೇ ತರಗತಿ ಮಕ್ಕಳಲ್ಲಿ ಆ ಎರಡನೇ ತರಗತಿಯ ಕಥೆಯನ್ನು ಓದಬಲ್ಲವರು ಸುಮಾರು ಅರ್ಧದಷ್ಟು ಮಾತ್ರ. ಕೋವಿಡ್ಡಿನಿಂದ ಶಾಲೆಗಳು ಮುಚ್ಚಿ ತೆರೆದ ಮೇಲೆ, 2022ರಲ್ಲಿ, ಅದು ಶೇ. 42.8ಕ್ಕೆ ಇಳಿದಿತ್ತು. ಐದನೇ ತರಗತಿಗೆ ಬಂದಿರುವುದು ಬೇರೆ, ಓದಲು ಬರುವುದು ಬೇರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಇದೇ ಉಪಾಯವನ್ನು ಯಾವ ಪಾಲಕರೂ ಮನೆಯಲ್ಲಿ ಮಾಡಬಹುದು. ಕನ್ನಡದ ಓದಿಗೆ ಅದರದೇ ಮೆಟ್ಟಿಲುಗಳಿವೆ. ಮೊದಲು ಬಸವ, ಕಮಲ, ಅರಸ ಎಂಬಂಥ ಸರಳ ಪದ. ಆಮೇಲೆ ಗುಣಿತಾಕ್ಷರದ ಪದ: ಗಾಳಿ, ಕೋಳಿ, ಮೀನು. ಆಮೇಲೆ ಅದೇ ಅಕ್ಷರಕ್ಕೆ ಅದೇ ಒತ್ತು: ಅಕ್ಕ, ಹಣ್ಣು, ಬೆಲ್ಲ. ಕೊನೆಗೆ ಬೇರೆ ಅಕ್ಷರದ ಒತ್ತು: ಪುಸ್ತಕ, ಸೂರ್ಯ, ಚಂದ್ರ. ಮಗು ಯಾವ ಮೆಟ್ಟಿಲಲ್ಲಿ ನಿಂತಿದೆ ಎಂಬುದು ಹತ್ತು ಪದ ಓದಿಸುವಷ್ಟರಲ್ಲಿ ತಿಳಿಯುತ್ತದೆ. ನಿಮಿಷಕ್ಕೆ ಇಷ್ಟು ಪದ ಓದಬೇಕು ಎಂಬ ಲೆಕ್ಕ ಹಿಡಿದು ಗಾಬರಿಪಡಬೇಕಾಗಿಲ್ಲ. ‘ಹೋಗಬೇಕಾಗಿತ್ತು’ ಎಂಬುದು ಕನ್ನಡದಲ್ಲಿ ಒಂದೇ ಪದ; ಅದನ್ನೇ ಇಂಗ್ಲಿಷಿನಲ್ಲಿ ಹೇಳಲು ಮೂರು ನಾಲ್ಕು ಪದ ಬೇಕು. ಗಡಿಯಾರಕ್ಕಿಂತ ಮುಖ್ಯವಾದದ್ದು, ಓದಿದ ಮೇಲೆ ‘ಏನಾಯಿತು ಹೇಳು’ ಎಂದರೆ ಮಗು ತನ್ನ ಮಾತಿನಲ್ಲಿ ಹೇಳುತ್ತದೆಯೇ ಎಂಬುದು.

ಒಂದು ಎಚ್ಚರಿಕೆ. ಪಠ್ಯಪುಸ್ತಕದ ಪಾಠವನ್ನೇ ಓದಿಸಿದರೆ ಅನೇಕ ಮಕ್ಕಳು ಗಡಗಡನೆ ಹೇಳಿಬಿಡುತ್ತಾರೆ. ಸಾಲಿನ ನಡುವಿನ ಒಂದು ಪದದ ಮೇಲೆ ಬೆರಳಿಟ್ಟು ಕೇಳಿದರೆ ಬಾಯಿ ಕಟ್ಟುತ್ತದೆ. ಅದು ಓದಲ್ಲ, ಬಾಯಿಪಾಠ. ಆದ್ದರಿಂದ ಬಸ್ಸಿನ ಬೋರ್ಡು, ಮದುವೆಯ ಕರೆಯೋಲೆ, ಪತ್ರಿಕೆಯ ತಲೆಬರಹ ಹೀಗೆ ಮಗು ನೋಡದೇ ಇದ್ದುದನ್ನು ಓದಿಸಬೇಕು.

ಇದಕ್ಕೆ ತದ್ವಿರುದ್ಧವಾದ ತಪ್ಪು ತಿಳಿವಳಿಕೆಯೂ ಉಂಟು. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶಿಕ್ಷಕರೇ ಸೇರಿ ಕಟ್ಟಿದ, 2009ರ ನಂತರ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆಲ್ಲ ಹಬ್ಬಿದ ‘ನಲಿ ಕಲಿ’ ಪದ್ಧತಿಯಲ್ಲಿ ಅಕ್ಷರಗಳು ಅ, ಆ, ಇ, ಈ ಎಂದು ಶುರುವಾಗುವುದಿಲ್ಲ. ರ, ಗ, ಸ, ದ, ಅ ಎಂದು ಶುರುವಾಗುತ್ತವೆ. ಮೂರು ತಿಂಗಳಾದರೂ ಮಗಳಿಗೆ ಅಆಇಈ ಬರುವುದಿಲ್ಲವೆಂದು ತಾಯಿ ಮರುಗುತ್ತಾಳೆ. ಅದೇ ಮಗಳು ಸರ, ಅರಸ, ಗರಗಸ ಎಂದು ಕೂಡಿಸಿ ಓದಬಲ್ಲಳು. ವರ್ಣಮಾಲೆಯನ್ನು ಹಾಡಿನಂತೆ ಹೇಳುವ ಮಗುವಿಗಿಂತ ಆಕೆ ಒಂದು ಹೆಜ್ಜೆ ಮುಂದಿದ್ದಾಳೆ.

ತಪ್ಪು ಉತ್ತರವೂ ಮಾತನಾಡುತ್ತದೆ

ಲೆಕ್ಕದಲ್ಲಿಯೂ ಹೀಗೆಯೇ. 52ರಲ್ಲಿ 27 ಕಳೆಯಲು ಹೇಳಿದರೆ ಒಂದು ಮಗು 35 ಎಂದು ಬರೆಯುತ್ತದೆ. ಕೆಂಪು ಮಸಿಯಲ್ಲಿ ಅಡ್ಡಗೆರೆ ಎಳೆದು ಸೊನ್ನೆ ಕೊಟ್ಟರೆ ಅಲ್ಲಿಗೆ ಮುಗಿಯಿತು. ಆದರೆ ಆ 35 ಎಲ್ಲಿಂದ ಬಂತೆಂದು ನೋಡುವ ಶಿಕ್ಷಕರಿಗೆ ಅದು ದಾರಿ ತೋರಿಸುತ್ತದೆ. ಮಗು 5ರಲ್ಲಿ 2 ಕಳೆದಿದೆ. ಇನ್ನೊಂದು ಮನೆಯಲ್ಲಿ 2ರಿಂದ 7 ಹೋಗದೆಂದು 7ರಿಂದಲೇ 2 ಕಳೆದುಬಿಟ್ಟಿದೆ. ಕಳೆಯಲು ಬರುತ್ತದೆ, ದಶಕವನ್ನು ಬಿಡಿಸಿ ಹತ್ತು ಬಿಡಿಗಳಾಗಿ ಮಾಡಿಕೊಳ್ಳಲು ಬರುವುದಿಲ್ಲ. ಹತ್ತು ಕಡ್ಡಿಗಳ ಐದು ಕಟ್ಟು, ಎರಡು ಬಿಡಿ ಕಡ್ಡಿ ಕೊಟ್ಟು ಒಂದು ಕಟ್ಟನ್ನು ಬಿಚ್ಚಿಸಿದರೆ 25 ತಾನಾಗಿ ಬರುತ್ತದೆ. ಒಳ್ಳೆಯ ಬೋಧನೆ ಎಂದರೆ ಬಹುಪಾಲು ಇದೇ: ಮಗು ತಪ್ಪಿದ ಜಾಗವನ್ನು ಹುಡುಕಿ ಅಲ್ಲಿಂದ ಎತ್ತಿಕೊಳ್ಳುವುದು.

ಮಗುವಿನ ನೋಟ್ ಪುಸ್ತಕ ನೋಡುವಾಗಲೂ ಇದು ನೆನಪಿರಲಿ. ಪುಟಪುಟವೂ ಮುತ್ತು ಪೋಣಿಸಿದಂತೆ, ಒಂದೂ ತಪ್ಪಿಲ್ಲದೆ ಇದ್ದರೆ ಅದು ಕರಿಹಲಗೆಯಿಂದ ಇಳಿಸಿಕೊಂಡದ್ದಿರಬಹುದು. ಮಗು ಸ್ವಂತವಾಗಿ ಬರೆದ, ತಪ್ಪಿದ, ಶಿಕ್ಷಕರು ತಿದ್ದಿದ, ಮತ್ತೆ ಬರೆದ ಪುಟಗಳು ಅಷ್ಟು ಅಂದವಾಗಿ ಕಾಣುವುದಿಲ್ಲ. ಕಲಿಕೆ ನಡೆದಿರುವುದು ಆ ಪುಟಗಳಲ್ಲಿ.

ಎಲ್ಲಿಂದ ಎಲ್ಲಿಗೆ?

ಇನ್ನು ಶಿಕ್ಷಕರನ್ನು ಅಳೆಯುವ ಮಾತು. ಜೂನ್‌ನಲ್ಲಿ ಒಬ್ಬ ಹುಡುಗ ಪದ ಓದಬಲ್ಲವನಾಗಿಯೇ ಎರಡನೇ ತರಗತಿಗೆ ಬಂದ. ಮನೆಯಲ್ಲಿ ಅಕ್ಕ ಹೇಳಿಕೊಡುತ್ತಾಳೆ. ಮಾರ್ಚಿನಲ್ಲಿ ನಾಲ್ಕು ಸಾಲು ಓದುತ್ತಾನೆ. ಇನ್ನೊಬ್ಬಳ ಮನೆಮಾತು ಲಂಬಾಣಿ; ಜೂನ್‌ನಲ್ಲಿ ಹತ್ತು ಅಕ್ಷರವೂ ಗೊತ್ತಿರಲಿಲ್ಲ. ಮಾರ್ಚಿನಲ್ಲಿ ಒತ್ತಕ್ಷರದ ಪದಗಳನ್ನು ಓದುತ್ತಾಳೆ. ಅಂಕಪಟ್ಟಿಯಲ್ಲಿ ಹುಡುಗನೇ ಮುಂದೆ. ಶಾಲೆಯ ದುಡಿಮೆ ಹೆಚ್ಚು ಕಾಣುವುದು ಹುಡುಗಿಯಲ್ಲಿ. ಮನೆಯಲ್ಲಿ ಹೇಳಿಕೊಡುವವರಿರುವ ಮಕ್ಕಳೇ ತುಂಬಿರುವ ಶಾಲೆಯ ಅಂಕವನ್ನೂ, ಕೂಲಿಗೆ ಹೋಗುವವರ ಮಕ್ಕಳೇ ತುಂಬಿರುವ ಶಾಲೆಯ ಅಂಕವನ್ನೂ ಪಕ್ಕಪಕ್ಕ ಇಟ್ಟು ಯಾವುದು ಮೇಲು ಎಂದು ಹೇಳಲಾಗದು.

ಪಾಲಕರು ಕೇಳಬೇಕಾದ ಪ್ರಶ್ನೆ ಒಂದೇ: ‘ನಮ್ಮ ಹುಡುಗಿ ಎಲ್ಲಿ ತಡವರಿಸುತ್ತಾಳೆ ಮೇಷ್ಟ್ರೇ?’ ‘ಪರವಾಗಿಲ್ಲ, ಓದುತ್ತಾಳೆ’ ಎಂಬುದು ಉತ್ತರವಲ್ಲ. ‘ಗಮನ ಕೊಡುವುದಿಲ್ಲ’ ಎಂಬುದೂ ಅಲ್ಲ. ‘ಒತ್ತಕ್ಷರ ಬಂದಲ್ಲಿ ನಿಲ್ಲುತ್ತಾಳೆ, ಈ ತಿಂಗಳು ಅದನ್ನೇ ಮಾಡಿಸುತ್ತಿದ್ದೇನೆ’ ಎಂದವರು ಪಾಠ ಹೇಳುತ್ತಿದ್ದಾರೆ ಎಂದು ತಿಳಿಯಬಹುದು. ಇದು ಕೇವಲ ಸೌಜನ್ಯದ ಮಾತಲ್ಲ. 2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯೇ ಪ್ರತಿ ಮಗುವಿನ ಕಲಿಕೆಯನ್ನು ಅಳೆದು ಅಗತ್ಯವಿದ್ದಷ್ಟು ಹೆಚ್ಚಿನ ಪಾಠ ಹೇಳುವುದನ್ನೂ, ಪಾಲಕರನ್ನು ಕರೆದು ಹಾಜರಾತಿ ಮತ್ತು ಪ್ರಗತಿಯನ್ನು ತಿಳಿಸುವುದನ್ನೂ ಶಿಕ್ಷಕರ ಕರ್ತವ್ಯವೆಂದು ಹೇಳುತ್ತದೆ.

ಪಾಲಕರ ಕಡೆಯ ಲೆಕ್ಕವೂ ಇದೆ. ಐದನೇ ತರಗತಿಯವರೆಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆ ಪಾಠ ನಡೆಯಬೇಕೆಂಬುದು ಕಾಯ್ದೆಯ ನಿಯಮ. ಜಾತ್ರೆ, ಮದುವೆ, ಸುಗ್ಗಿ ಎಂದು ಮಗು ಅದರಲ್ಲಿ ಐವತ್ತು ದಿನ ಮನೆಯಲ್ಲಿದ್ದರೆ ಕಾಲು ಭಾಗ ಪಾಠ ಹೋದಂತೆ. ಇಬ್ಬರೇ ಶಿಕ್ಷಕರು ಐದು ತರಗತಿ ನೋಡುತ್ತ, ಬಿಸಿಯೂಟದ ಲೆಕ್ಕ, ಚುನಾವಣೆಯ ಕೆಲಸ ಎಲ್ಲವನ್ನೂ ಹೊರುವ ಶಾಲೆಯಲ್ಲಿ ತಪ್ಪಿದ ಪಾಠವನ್ನು ಮತ್ತೆ ಹೇಳಲು ಬಿಡುವಾದರೂ ಎಲ್ಲಿ?

ಒಂದು ಹಾಳೆಯ ಕೆಲಸ

2001ರಿಂದ ಸರ್ಕಾರಿ ಶಾಲೆಗಳಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. ಸಭೆ ಸೇರಿದಾಗ ಮಾತು ಸಾಮಾನ್ಯವಾಗಿ ಕಾಂಪೌಂಡು, ಸುಣ್ಣಬಣ್ಣ, ಆಗಸ್ಟ್ 15ರ ಸಿಹಿಗೆ ಬಂದು ನಿಲ್ಲುತ್ತದೆ. ವರ್ಷಕ್ಕೆ ಮೂರು ಸಭೆಯನ್ನಾದರೂ ಓದಿಗೆ ಮೀಸಲಿಡಬಹುದು. ಒಂದು ಹಾಳೆಯಲ್ಲಿ 28 ಮಕ್ಕಳ ಹೆಸರು, ಎದುರಿಗೆ ಜೂನ್, ನವೆಂಬರ್, ಮಾರ್ಚ್ ಎಂದು ಮೂರು ಕಾಲಂ. ಪ್ರತಿ ಮಗು ಓದಿನಲ್ಲಿ, ಲೆಕ್ಕದಲ್ಲಿ ಯಾವ ಮೆಟ್ಟಿಲಲ್ಲಿದೆ ಎಂದು ಶಿಕ್ಷಕರೇ ಗುರುತು ಹಾಕಲಿ. ಸಮಿತಿಯ ಒಬ್ಬಿಬ್ಬರು ತಾಯಂದಿರು ಜೊತೆಗೆ ಕೂತಿರಲಿ. ಪ್ರತಿ ಸಲ ಓದಿಸುವ ಸಾಲುಗಳು ಬೇರೆ ಇರಬೇಕು, ಇಲ್ಲವಾದರೆ ಅದನ್ನೇ ಬಾಯಿಪಾಠ ಮಾಡಿಸುವ ಆಸೆ ಹುಟ್ಟುತ್ತದೆ. ಹಾಳೆಯನ್ನು ಗೋಡೆಗೆ ಅಂಟಿಸುವುದಾಗಲಿ, ಸಭೆಯಲ್ಲಿ ಹೆಸರು ಕೂಗಿ ಓದುವುದಾಗಲಿ ಕೂಡದು. ಹಿಂದಿರುವ ಮಗು ಅವಮಾನವಾದರೆ ಶಾಲೆಗೇ ಬಾರದೆ ಹೋದೀತು.

ವಿದ್ಯಾರ್ಥಿಗಳೂ ತಮ್ಮನ್ನು ತಾವೇ ಅಳೆದುಕೊಳ್ಳಬಹುದು. ಜೂನ್ ತಿಂಗಳ ನೋಟ್ ಪುಸ್ತಕವನ್ನು ರದ್ದಿಗೆ ಹಾಕದೆ ಇಟ್ಟುಕೊಂಡು ಮಾರ್ಚಿನಲ್ಲಿ ತೆರೆದು ನೋಡಿ. ಆಗ ತಪ್ಪಿದ ಲೆಕ್ಕವನ್ನು ಈಗ ಮಾಡಲು ಬಂದರೆ ಅದು ನಿಮ್ಮ ಪ್ರಗತಿ. ಪಕ್ಕದಲ್ಲಿ ಕೂತವರಿಗೆ ಎಷ್ಟು ಅಂಕ ಬಂತೆಂಬುದು ಆ ಲೆಕ್ಕಕ್ಕೆ ಸೇರುವುದಿಲ್ಲ.

ತಪ್ಪದೆ ಶಾಲೆಗೆ ಬಂದ ಮಕ್ಕಳಲ್ಲೇ ಹೆಚ್ಚಿನವರು ಜೂನ್‌ನ ಮೆಟ್ಟಿಲಲ್ಲೇ ಮಾರ್ಚಿನಲ್ಲೂ ನಿಂತಿದ್ದರೆ, ಶಿಕ್ಷಕರನ್ನೂ, ಸಮಿತಿಯನ್ನೂ, ಬೇಕಾದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳನ್ನೂ ಕೇಳಲು ಪಾಲಕರ ಕೈಯಲ್ಲಿ ಆಗ ಹಾಳೆಯಿರುತ್ತದೆ, ಬರಿಯ ದೂರಲ್ಲ. ಮಕ್ಕಳು ಮೇಲೆ ಹತ್ತಿದ್ದರೆ ವ್ಯಾನಿನ ಬಾಡಿಗೆ ಕಟ್ಟುವ ಮೊದಲು ಇನ್ನೊಮ್ಮೆ ಯೋಚಿಸಬೇಕು. ಪೇಟೆಯ ಶಾಲೆಗೂ ಇದೇ ಹಾಳೆ ಹಿಡಿದು ಇದೇ ಪ್ರಶ್ನೆ ಕೇಳಬಹುದು. ಅಲ್ಲಿ ಒಂದೊಂದು ತರಗತಿಯಲ್ಲಿ ಐವತ್ತು ಮಕ್ಕಳಿದ್ದರೆ ಉತ್ತರ ಹೇಳುವವರಿಗೆ ಮಗುವಿನ ಹೆಸರಾದರೂ ನೆನಪಿದೆಯೇ ಎಂದು ನೋಡಿಕೊಳ್ಳಬೇಕಷ್ಟೆ.