26 ಕಿಲೋ ಚೀಲದ ಲೆಕ್ಕ

ಸಿಂಧನೂರು ಸೀಮೆಯ ಅಂಗಡಿಗಳಲ್ಲಿ ಸೋನಾಮಸೂರಿ ಅಕ್ಕಿಯ ಚೀಲದ ಮೇಲೆ ಈಗ 26 ಕೆ.ಜಿ. ಎಂಬ ಅಚ್ಚು ಕಾಣುತ್ತದೆ. ಮೊದಲು 25 ಇರುತ್ತಿತ್ತು. ಹೆಚ್ಚಿದ ಆ ಒಂದು ಕಿಲೋ ಜಿಎಸ್‌ಟಿಯ ಫಲ.

2017ರಲ್ಲಿ ಬ್ರಾಂಡ್ ಇದ್ದ ಅಕ್ಕಿಗೆ ಮಾತ್ರ ಶೇ 5 ತೆರಿಗೆ ಇತ್ತು. ಗಿರಣಿಗಳು ಬ್ರಾಂಡ್ ಹಕ್ಕನ್ನೇ ಬಿಟ್ಟುಕೊಟ್ಟು ಅದರಿಂದ ನುಣುಚಿಕೊಳ್ಳುತ್ತಿವೆ ಎಂಬ ದೂರು ಬಂತು. ಮುಂದೆ, ಕರ್ನಾಟಕದ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ನೇತೃತ್ವದ ಸಚಿವರ ತಂಡ ಪ್ಯಾಕ್ ಮಾಡಿದ ಅಕ್ಕಿಗೆಲ್ಲ ತೆರಿಗೆ ಹಾಕಲು ಶಿಫಾರಸು ಮಾಡಿತು. 2022ರ ಜೂನ್‌ನಲ್ಲಿ ಚಂಡೀಗಢದಲ್ಲಿ ಸೇರಿದ ಜಿಎಸ್‌ಟಿ ಮಂಡಳಿ ಒಪ್ಪಿತು. ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿಗೆಲ್ಲ ಶೇ 5. ಆದರೆ 25 ಕಿಲೋ ಮೀರಿದ ಚೀಲಕ್ಕೆ ತೆರಿಗೆ ಇಲ್ಲ, ಬಿಡಿಯಾಗಿ ತೂಗಿ ಕೊಟ್ಟರೂ ಇಲ್ಲ.

ಅನ್ನದ ಮೇಲೆ ಸುಂಕ ಬೇಡ ಎಂದು ಆಗ ದನಿ ಎತ್ತಿದವರಲ್ಲಿ ಎಡಪಂಥೀಯರಷ್ಟೇ ಇರಲಿಲ್ಲ. ಬಿಜೆಪಿಗೆ ಬಹುಕಾಲದಿಂದ ಬೆನ್ನೆಲುಬಾದ ಸಂಪ್ರದಾಯಸ್ಥ ವರ್ತಕ ವರ್ಗವೇ ವಿರೋಧಿಸಿತು. ಅವರ ಆಕ್ಷೇಪ ನ್ಯಾಯವಾಗಿತ್ತು. ಆದರೆ ದೊಡ್ಡ ಚೀಲಕ್ಕೆ ವಿನಾಯಿತಿ ಇದ್ದುದರಿಂದ ಸಗಟು ವ್ಯಾಪಾರಕ್ಕೆ ದಾರಿ ಸಿಕ್ಕಿತು, ಪ್ರತಿಭಟನೆಯ ಕಾವು ಇಳಿಯಿತು. ಹೊರೆ ಸಣ್ಣ ಪ್ಯಾಕೆಟ್ ಕೊಳ್ಳುವವರ ತಲೆಗೆ ಬಂತು.

ಸಿಂಧನೂರಿನ ಬಳಿಯ ಆರ್.ಎಚ್. ಕ್ಯಾಂಪನ್ನೇ ನೋಡಿ. ಪೂರ್ವ ಪಾಕಿಸ್ತಾನದಿಂದ ನೆಲೆ ಕಳೆದುಕೊಂಡು ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ಇಲ್ಲಿ ಪುನರ್ವಸತಿ ಕೊಟ್ಟಿತು. ಸುತ್ತಲೂ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆ. ಇಲ್ಲಿ ನಾಟಿಗೆ, ಕಳೆ ತೆಗೆಯಲು ಗದ್ದೆಗಿಳಿಯುವ ಹೆಂಗಸಿನ ಕೈಗೆ ಒಮ್ಮೆಗೇ 26 ಕಿಲೋದ ದುಡ್ಡು ಬರುವುದಿಲ್ಲ. ಕಿಲೋಗೆ 60 ರೂಪಾಯಿ ಎಂದಿಟ್ಟುಕೊಳ್ಳಿ: ಹತ್ತು ಕಿಲೋ ಪ್ಯಾಕೆಟ್ ತಂದರೆ ಆಕೆ 30 ರೂಪಾಯಿ ಹೆಚ್ಚುವರಿಯಾಗಿ ತೆರಬೇಕು. 1,560 ರೂಪಾಯಿ ಎಣಿಸಿ ಇಡೀ ಚೀಲ ಒಯ್ಯುವವನಿಗೆ ತೆರಿಗೆ ಒಂದು ಪೈಸೆಯೂ ಇಲ್ಲ. ಬಿಡಿ ಅಕ್ಕಿ ಕೊಳ್ಳಲಿ ಎನ್ನುವವರು, ಸಣ್ಣ ಊರುಗಳ ಅಂಗಡಿಗಳಲ್ಲೂ ಬಿಡಿ ಮೂಟೆಯ ಜಾಗವನ್ನು ಪ್ಯಾಕೆಟ್ ಹಿಡಿಯುತ್ತಿರುವುದನ್ನು ನೋಡಬೇಕು.

ಗಿರಣಿಗೂ ಇದು ಪೂರ್ತಿ ಲಾಭವಲ್ಲ. ತೆರಿಗೆ ಇಲ್ಲದ ಚೀಲ ಮಾರಿದರೆ, ಯಂತ್ರಕ್ಕೆ, ಖಾಲಿ ಚೀಲಕ್ಕೆ ಕಟ್ಟಿದ ಜಿಎಸ್‌ಟಿ ವಾಪಸು ಬರುವುದಿಲ್ಲ. ಅದು ಅಕ್ಕಿಯ ಬೆಲೆಯಲ್ಲೇ ಸೇರುತ್ತದೆ.

2025ರ ಸೆಪ್ಟೆಂಬರ್‌ನಲ್ಲಿ ಮಂಡಳಿ ದರಗಳನ್ನು ಸರಳಗೊಳಿಸಿತು. ಪ್ಯಾಕೆಟ್ ಪನೀರ್ ತೆರಿಗೆಯಿಂದ ಮುಕ್ತವಾಯಿತು, ಪರೋಟಾ ಮುಕ್ತವಾಯಿತು. ಪ್ಯಾಕೆಟ್ ಅಕ್ಕಿಯ ಶೇ 5 ಹಾಗೇ ಉಳಿಯಿತು. ಆ ತೆರಿಗೆಯನ್ನು ಶಿಫಾರಸು ಮಾಡಿದ ತಂಡದ ಮುಂದಾಳತ್ವ ಕರ್ನಾಟಕದ್ದಾಗಿತ್ತು. ಅದನ್ನು ತೆಗೆಸುವ ಪ್ರಸ್ತಾವವನ್ನೂ ಕರ್ನಾಟಕವೇ ಮಂಡಳಿಯ ಮುಂದಿಡಬೇಕು. ರಾಯಚೂರು, ಕೊಪ್ಪಳ, ಬಳ್ಳಾರಿಯ ಸಂಸದರು ಪಕ್ಷ ನೋಡದೆ ಅದಕ್ಕೆ ಸಹಿ ಹಾಕಲಿ.