ಆಡಿದವನು ಹೋದ, ಕೇಳಿದವರು ಉಳಿದರು

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮ ಹಿರಿಯರು ಹೇಳುತ್ತಾರೆ. ಮುಂದಾಳುವಿನ ಮಾತಾದರೋ ಆಡಿದೊಡನೆ ಹೋಗುವುದಿಲ್ಲ. ಕೇಳಿದವನ ಬೆನ್ನು ಹತ್ತಿ ಅವನ ಮನೆಯೊಳಗೆ ಬಂದು ಕೂರುತ್ತದೆ. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಜನಕ್ಕೆ ಇದನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.

ಲಾತೂರಿನ ವಕೀಲ ಕಾಸಿಂ ರಜ್ವಿ 1947–48ರಲ್ಲಿ ಮಾಡಿದ ಭಾಷಣಗಳು ಸಾವಿರಾರು ಬಡ ಮುಸಲ್ಮಾನ ತರುಣರನ್ನು ರಜಾಕಾರರನ್ನಾಗಿ ಮಾಡಿದವು. ಅವರ ದಾಳಿಗೆ ಹಳ್ಳಿಗಳು ಉರಿದವು, ಬೀದರ ಜಿಲ್ಲೆಯ ಗೋರ್ಟಾದಲ್ಲಿ ರಕ್ತ ಹರಿಯಿತು. 1948ರ ಸೆಪ್ಟೆಂಬರ್ 17ರಂದು ನಿಜಾಮನ ಸರ್ಕಾರ ಶರಣಾದ ಮೇಲೆ ಸೇಡಿನ ಕತ್ತಿ ಬಿದ್ದದ್ದು ಆ ಭಾಷಣವನ್ನು ಕೇಳದಿದ್ದ ಬಡ ಮುಸಲ್ಮಾನರ ಮೇಲೆ. ಭಾರತ ಸರ್ಕಾರ ಕಳುಹಿಸಿದ ಪಂಡಿತ ಸುಂದರಲಾಲ್ ಸಮಿತಿಯು ಸಂಸ್ಥಾನದಲ್ಲಿ ಸತ್ತವರು 27 ಸಾವಿರದಿಂದ 40 ಸಾವಿರ ಎಂದು ಅಂದಾಜು ಮಾಡಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಗುಲಬರ್ಗಾವೂ ಒಂದು. ರಜ್ವಿಯೋ 1957ರಲ್ಲಿ ಸೆರೆಯಿಂದ ಬಿಡುಗಡೆಯಾಗಿ ಪಾಕಿಸ್ತಾನಕ್ಕೆ ಹೊರಟುಹೋದ. ವಿಧವೆಯರು ಮಾತ್ರ ಇಲ್ಲಿಯೇ ಉಳಿದರು.

ಅದೇ ಕಾಲದಲ್ಲಿ ಇನ್ನೊಬ್ಬರ ಮಾತೂ ಇಲ್ಲಿ ಕೇಳಿಬರುತ್ತಿತ್ತು. ಸ್ವಾಮಿ ರಮಾನಂದ ತೀರ್ಥರು ಶಾಲೆಯ ಮಾಸ್ತರರು. ಹೈದರಾಬಾದು ಸಂಸ್ಥಾನ ಭಾರತದಲ್ಲಿ ಸೇರಬೇಕೆಂದು ಅವರು ಜನಕ್ಕೆ ಕರೆ ಕೊಟ್ಟರು. 1947ರ ಆಗಸ್ಟ್‌ನಲ್ಲಿ ತಾವೇ ಸೆರೆಮನೆಗೆ ಹೋದರು. ಅವರು ಕಾಂಗ್ರೆಸಿಗರು, ನಮ್ಮ ಹಾದಿ ಬೇರೆ. ಆದರೂ ಮಾತಿಗೆ ಮೈಯೊಡ್ಡಿದವರೆಂದು ಒಪ್ಪಲೇಬೇಕು. 1952ರಲ್ಲಿ ಗುಲಬರ್ಗಾದ ಜನ ಅವರನ್ನು ಲೋಕಸಭೆಗೆ ಆರಿಸಿದ್ದು ಸುಮ್ಮನೆ ಅಲ್ಲ. 1951ರಲ್ಲಿ ಕಾಗೋಡಿನ ಗೇಣಿದಾರರ ಜೊತೆ ನಿಂತು ಬಂಧನಕ್ಕೊಳಗಾದ ಡಾ. ಲೋಹಿಯಾ ಅವರ ಮಾತಿಗೂ ಇದೇ ತೂಕವಿತ್ತು.

ಇಂದಿನ ಮಾತೇನು? ಆಳಂದದ ಲಾಡ್ಲೆ ಮಶಾಕ್ ದರ್ಗಾದ ಆವರಣದಲ್ಲಿ ರಾಘವ ಚೈತನ್ಯರ ಹೆಸರಿನ ಶಿವಲಿಂಗವೂ ಇದೆ. 2022ರ ಶಿವರಾತ್ರಿಯಂದು ಅಲ್ಲಿ ಕಲ್ಲು ತೂರಾಟವಾಗಿ ನಿಷೇಧಾಜ್ಞೆ ಬಂತು, ಅನೇಕರ ಬಂಧನವಾಯಿತು. 2025ರಲ್ಲಿ ಪೂಜೆಗೆ ಎಷ್ಟು ಜನ ಹೋಗಬೇಕೆಂಬುದನ್ನೂ ಉಚ್ಚ ನ್ಯಾಯಾಲಯವೇ ಹೇಳಬೇಕಾಯಿತು: ಹದಿನೈದು ಜನ. ಹಕ್ಕಿನ ಪ್ರಶ್ನೆಯನ್ನು ನ್ಯಾಯಾಲಯ ತೀರ್ಮಾನಿಸಲಿ. ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಹೊರಗಿನಿಂದ ಕಾರಿನಲ್ಲಿ ಬಂದು, ಎರಡೂ ಕಡೆಯವರ ರಕ್ತ ಕುದಿಸಿ, ಕತ್ತಲಾಗುವುದರೊಳಗೆ ಮರಳಿ ಹೋಗುವ ಮುಖಂಡರಿಗೆ ಈ ಊರಿನ ಸಂತೆಯ ಚಿಂತೆ ಇದೆಯೇ? ಅಂಗಡಿ ಮುಚ್ಚಿದರೆ ಅಂದಿನ ಕೂಲಿ ಕಳೆದುಕೊಳ್ಳುವ ಹಮಾಲ ಯಾವ ಜಾತಿಯವನಾದರೇನು?

ತೊಗರಿಯ ಬೆಲೆ ಬಿದ್ದಾಗ ಈ ನಾಲಗೆಗಳು ಎಲ್ಲಿರುತ್ತವೆ? ಭೀಮೆಯ ದಂಡೆಯ ಹಳ್ಳಿಗಳು ಪ್ರವಾಹಕ್ಕೆ ಸಿಕ್ಕಾಗ, ಹೊಟ್ಟೆಪಾಡಿಗಾಗಿ ಜನ ಪುಣೆ, ಮುಂಬಯಿಗಳ ಬಸ್ಸು ಹತ್ತುವಾಗ ಇವು ಏಕೆ ಮೂಕವಾಗುತ್ತವೆ?

ಸಭೆಗೆ ಬರುವ ಯಾವ ಮುಖಂಡನನ್ನೇ ಆಗಲಿ ಜನ ಒಂದು ಪ್ರಶ್ನೆ ಕೇಳಬೇಕೆಂಬುದು ನಮ್ಮ ಸಲಹೆ: “ಸ್ವಾಮಿ, ನಿಮ್ಮ ಮಾತು ಕೇಳಿದರೆ ಮೊದಲು ಜೈಲಿಗೆ ಹೋಗುವವರು ಯಾರು? ನೀವೋ, ನಮ್ಮ ಮಗನೋ?” ನಮ್ಮ ಪಕ್ಷದ ಭಾಷಣಕಾರರನ್ನೂ ಇದರಿಂದ ಬಿಡಬಾರದು. ಚಪ್ಪಾಳೆಯ ಆಸೆಗೆ ನಾಲಗೆ ಸಡಿಲ ಬಿಟ್ಟವರು ನಮ್ಮಲ್ಲಿಯೂ ಇದ್ದಾರೆ. ಉತ್ತರ ಕೊಡಲಾರದವನು ವೇದಿಕೆಯಿಂದ ಇಳಿಯಲಿ.