ವರದಿ ಬಂತು, ಯಂತ್ರ ಬರಲಿಲ್ಲ



ಗೊರಕೆ ಎಂದ ಕೂಡಲೇ ನಮ್ಮ ಮನೆಗಳಲ್ಲಿ ನಗು ಏಳುತ್ತದೆ. ಮದುವೆ ಮನೆಯಲ್ಲಿ ಹತ್ತು ಮಂದಿ ಸಾಲಾಗಿ ಮಲಗಿದ ರಾತ್ರಿ ಯಾರ ಗೊರಕೆ ಜೋರಾಗಿತ್ತು ಎಂಬುದು ಬೆಳಗ್ಗಿನ ಚಹಾದ ಹೊತ್ತಿನ ತಮಾಷೆ. ಗಂಡಸರದ್ದಾದರೆ ಎದುರಿಗೇ ಹೇಳಿ ನಗುತ್ತಾರೆ. ಹೆಂಗಸಿನದ್ದಾದರೆ ಮರೆಯಲ್ಲಿ ಆಡಿಕೊಳ್ಳುತ್ತಾರೆ. ಆದ್ದರಿಂದಲೇ ಇರಬೇಕು, ಹೆಂಗಸರು ವೈದ್ಯರ ಮುಂದೆ ಕುಳಿತಾಗಲೂ ಗೊರಕೆಯ ಮಾತೆತ್ತುವುದಿಲ್ಲ. ಸುಸ್ತು ಎನ್ನುತ್ತಾರೆ. ಏಳುವಾಗಲೇ ತಲೆನೋವು ಎನ್ನುತ್ತಾರೆ. ನಿದ್ದೆ ಹತ್ತುವುದಿಲ್ಲ, ಸಣ್ಣ ಮಾತಿಗೂ ಸಿಟ್ಟು ಬರುತ್ತದೆ ಎನ್ನುತ್ತಾರೆ. ವೈದ್ಯರು ರಕ್ತ ಕಡಿಮೆ ಇದೆಯೇ, ಥೈರಾಯ್ಡ್ ಇದೆಯೇ ಎಂದು ನೋಡುತ್ತಾರೆ. ಅವನ್ನು ನೋಡಲೇಬೇಕು. ಆದರೆ ಅವೆಲ್ಲ ಸರಿಯಿದ್ದೂ ಸುಸ್ತು ಬಿಡದಿದ್ದರೆ?

ನನ್ನ ವಿಷಯದಲ್ಲಿ ಹಾಗೆಯೇ ಆಯಿತು. ನಾನು ಶಾಲೆಯಲ್ಲಿ ಪಾಠ ಹೇಳುವವಳೆಂದು ನಿಮಗೆ ಗೊತ್ತಿದೆ. ಎಂಟು ಗಂಟೆ ಮಲಗಿದರೂ ಮಧ್ಯಾಹ್ನದ ಪೀರಿಯಡ್‌ನಲ್ಲಿ ಕಣ್ಣು ಎಳೆಯುತ್ತಿತ್ತು. ಉತ್ತರ ಪತ್ರಿಕೆ ತಿದ್ದುವಾಗ ಕೆಂಪು ಪೆನ್ನಿನ ಗೆರೆ ತಾನಾಗಿ ಕೆಳಗೆ ಜಾರಿರುತ್ತಿತ್ತು. ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳುತ್ತಿದ್ದೆ, ಸಕ್ಕರೆ ಪರೀಕ್ಷೆ ಮಾಡಿಸಿದರೆ ಅದು ಸರಿ. ಬಿ.ಪಿ. ಮಾತ್ರೆ ಒಂದರಿಂದ ಎರಡಾಯಿತು. ಕೊನೆಗೆ ಬಾಯಿ ಬಿಟ್ಟವಳು ಕಾಲೇಜಿಗೆ ಹೋಗುವ ನನ್ನ ಮಗಳು. "ಉಮ್ಮಾ, ನಿಮ್ಮ ಗೊರಕೆಗೆ ನನಗೆ ಹೆದರಿಕೆಯಿಲ್ಲ. ಅದು ನಿಂತಾಗ ಹೆದರಿಕೆ. ಉಸಿರೇ ಕೇಳುವುದಿಲ್ಲ" ಎಂದಳು. ಅವಳ ಆ ಒಂದು ಮಾತನ್ನು ವೈದ್ಯರ ಮುಂದೆ ಹೇಳಿದ್ದೇ ತಡ, ಅವರು ಬೇರೇನನ್ನೂ ಕೇಳದೆ ನಿದ್ದೆಯ ಪರೀಕ್ಷೆಗೆ ಬರೆದುಕೊಟ್ಟರು.

ಈ ಕಾಯಿಲೆಗೆ ಸ್ಲೀಪ್ ಅಪ್ನಿಯಾ ಎನ್ನುತ್ತಾರೆ. ನಿದ್ದೆಯಲ್ಲಿ ಉಸಿರು ಕಟ್ಟುವುದು ಎಂದಷ್ಟೇ ಅರ್ಥ. ನಾವು ಮಲಗಿದಾಗ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ. ಕೆಲವರಲ್ಲಿ ನಾಲಗೆಯ ಬುಡ ಮತ್ತು ಅಂಗುಳಿನ ಮೃದುವಾದ ಹಿಂಭಾಗ ಹಿಂದಕ್ಕೆ ಬಿದ್ದು ಗಾಳಿಯ ದಾರಿಯೇ ಮುಚ್ಚಿಹೋಗುತ್ತದೆ. ಎದೆ ಏರಿಳಿಯಲು ಹೆಣಗುತ್ತದೆ, ಗಾಳಿ ಒಳಗೆ ಹೋಗುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಆಗ ಮೆದುಳು ನಮ್ಮನ್ನು ಕ್ಷಣಕಾಲ ಎಬ್ಬಿಸುತ್ತದೆ, ಗೊರ್ರೆಂದು ಉಸಿರು ಎಳೆಯುತ್ತೇವೆ, ಮತ್ತೆ ನಿದ್ದೆ. ಈ ಎಚ್ಚರ ನಮಗೆ ನೆನಪಿರುವುದಿಲ್ಲ. ರಾತ್ರಿಯಿಡೀ ಮಲಗಿದ್ದೆವೆಂದೇ ತಿಳಿಯುತ್ತೇವೆ. ಹತ್ತು ಸೆಕೆಂಡಿಗಿಂತ ಹೆಚ್ಚು ಉಸಿರು ನಿಂತರೆ ಅದನ್ನು ಒಂದು ಎಂದು ಲೆಕ್ಕ ಹಿಡಿಯುತ್ತಾರೆ. ಪೂರ್ತಿ ನಿಲ್ಲದೆ ತೀರಾ ಕ್ಷೀಣವಾದುದನ್ನೂ ಸೇರಿಸಿ ಗಂಟೆಗೆ ಎಷ್ಟಾಯಿತು ಎಂದು ನೋಡುತ್ತಾರೆ. 5ಕ್ಕಿಂತ ಕಡಿಮೆಯಾದರೆ ಚಿಂತೆಯಿಲ್ಲ, 15ರವರೆಗೆ ಸೌಮ್ಯ, 30ರವರೆಗೆ ಮಧ್ಯಮ, ಅದರಾಚೆ ತೀವ್ರ.

ಪರೀಕ್ಷೆಯ ರಾತ್ರಿಯ ಬಗ್ಗೆ ಹೆದರಬೇಕಾದ್ದೇನೂ ಇಲ್ಲ. ತಲೆಗೆ, ಗಲ್ಲಕ್ಕೆ ತಂತಿ ಅಂಟಿಸುತ್ತಾರೆ, ಎದೆಗೆ ಮತ್ತು ಹೊಟ್ಟೆಗೆ ಪಟ್ಟಿ, ಮೂಗಿನ ಬಳಿ ಸಣ್ಣ ನಳಿಗೆ, ಬೆರಳಿಗೆ ಕ್ಲಿಪ್. ಮಹಿಳಾ ಸಿಬ್ಬಂದಿಯೇ ತಂತಿ ಜೋಡಿಸಬೇಕೆಂದು ಮೊದಲೇ ಕೇಳಿದ್ದೆ, ಒಪ್ಪಿದರು. ಇಷ್ಟೆಲ್ಲ ಕಟ್ಟಿಕೊಂಡು ನಿದ್ದೆ ಎಲ್ಲಿ ಬರುತ್ತದೆ ಎಂದು ನೀವು ಕೇಳಬಹುದು. ನನಗೆ ಐದೇ ನಿಮಿಷದಲ್ಲಿ ಬಂತು. ಅದೂ ರೋಗದ ಲಕ್ಷಣವೇ ಅಂತೆ! ವರದಿಯಲ್ಲಿ ಗಂಟೆಗೆ 34 ಎಂದಿತ್ತು. ಆಮ್ಲಜನಕ ಒಮ್ಮೆ ಶೇ. 78ಕ್ಕೆ ಇಳಿದಿತ್ತು.

ಇದಕ್ಕೆ ಚಿಕಿತ್ಸೆ ಸಿಪ್ಯಾಪ್ ಎಂಬ ಯಂತ್ರ. ಮಂಚದ ಬದಿಯಲ್ಲಿಡುವ ಸಣ್ಣ ಡಬ್ಬಿ, ಅದರಿಂದ ಒಂದು ಕೊಳವೆ, ತುದಿಗೆ ಮೂಗಿನ ಮಾಸ್ಕ್. ಕೊರೋನಾದ ದಿನಗಳನ್ನು ಕಂಡ ನಮ್ಮ ಅತ್ತೆ ಚಿತ್ರ ನೋಡಿದವರೇ "ಐಸಿಯುವಿನಲ್ಲಿ ಹಾಕುವುದಲ್ಲವೇ ಇದು?" ಎಂದು ಅತ್ತುಬಿಟ್ಟರು. ಅಲ್ಲ. ಇದು ಆಮ್ಲಜನಕವನ್ನೂ ಕೊಡುವುದಿಲ್ಲ, ನಮ್ಮ ಬದಲು ಉಸಿರೂ ಆಡುವುದಿಲ್ಲ. ಕೋಣೆಯ ಗಾಳಿಯನ್ನೇ ಸ್ವಲ್ಪ ಒತ್ತಡದಲ್ಲಿ ಊದಿ ಗಂಟಲಿನ ದಾರಿ ಮುಚ್ಚಿಕೊಳ್ಳದಂತೆ ಹಿಡಿದಿಡುತ್ತದೆ, ಅಷ್ಟೇ. ಇದನ್ನು 1980ರಲ್ಲಿ ಮೊದಲು ಪ್ರಯೋಗಿಸಿದವರು ಆಸ್ಟ್ರೇಲಿಯಾದ ಸಿಡ್ನಿಯ ವೈದ್ಯ ಕಾಲಿನ್ ಸುಲಿವನ್. ವ್ಯಾಕ್ಯೂಮ್ ಕ್ಲೀನರ್‌ನ ಮೋಟಾರನ್ನು ಎಳೆಯುವ ಬದಲು ಊದುವಂತೆ ಮಾಡಿ ರೋಗಿಯ ಮೂಗಿಗೆ ಜೋಡಿಸಿದರು. 1981ರಲ್ಲಿ ಐದು ರೋಗಿಗಳ ವಿವರವನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದಕ್ಕಿಂತ ಮೊದಲು ಕಾಯಿಲೆ ತೀವ್ರವಾದವರಿಗೆ ಕತ್ತಿನಲ್ಲಿ ತೂತು ಮಾಡಿ ಉಸಿರಿಗೆ ದಾರಿ ಕೊಡುತ್ತಿದ್ದರು. ಅದನ್ನು ಓದಿದ ಮೇಲೆ ಮಾಸ್ಕಿನ ಬಗ್ಗೆ ದೂರಲು ನನಗೆ ಮನಸ್ಸಾಗಲಿಲ್ಲ.

ಇನ್ನು ನಾನು ಹೇಳಬೇಕೆಂದು ಹೊರಟ ಮಾತಿಗೆ ಬರುತ್ತೇನೆ. ವರದಿ ಕೈಗೆ ಬಂದು ಇಂದಿಗೆ ಆರನೇ ವಾರ. ಯಂತ್ರ ಇನ್ನೂ ಬಂದಿಲ್ಲ. ಒತ್ತಡ ಎಷ್ಟಿರಬೇಕೆಂದು ಗೊತ್ತುಮಾಡಲು ಇನ್ನೊಂದು ರಾತ್ರಿ ಆಸ್ಪತ್ರೆಯಲ್ಲಿ ಮಲಗಬೇಕಿತ್ತು, ಅದರ ದಿನ ಸಿಗಲು ಮೂರು ವಾರ ಹಿಡಿಯಿತು. ಆಮೇಲೆ ಮಾಸ್ಕಿನ ಅಳತೆ. ಆಮೇಲೆ ದುಡ್ಡು. ಅನೇಕ ಆರೋಗ್ಯ ವಿಮೆಗಳು ಆಸ್ಪತ್ರೆಯ ಖರ್ಚು ಕೊಟ್ಟರೂ ಮನೆಗೆ ಒಯ್ಯುವ ಈ ಯಂತ್ರಕ್ಕೆ ಕೊಡುವುದಿಲ್ಲ, ನಮ್ಮದೂ ಹಾಗೆಯೇ. ಮಗಳ ಕಾಲೇಜಿನ ಫೀಸು ಕಟ್ಟುವ ತಿಂಗಳೂ ಇದೇ ಆಯಿತು. ಮನೆಯಲ್ಲಿ ಯಾರೂ ಬೇಡ ಎನ್ನಲಿಲ್ಲ. "ಮುಂದಿನ ತಿಂಗಳು ನೋಡೋಣ" ಎಂದರು. ಎಷ್ಟು ಮೃದುವಾದ ಮಾತು ನೋಡಿ. ಹೆಂಗಸರ ಎಷ್ಟು ಕಾಯಿಲೆಗಳು ಈ ಒಂದು ಮಾತಿನ ಕೆಳಗೆ ಮಲಗಿಲ್ಲ! ನಾಲ್ಕು ವರ್ಷಗಳ ಹಿಂದೆ ಮಾವನವರ ಹೃದಯಕ್ಕೆ ಸ್ಟೆಂಟ್ ಹಾಕುವಾಗ ಯಾರೂ ತಿಂಗಳು ಎಣಿಸಿರಲಿಲ್ಲ, ಎಣಿಸಲೂಬಾರದಾಗಿತ್ತು. ಆದರೆ ಹಗಲು ಎದ್ದು ಓಡಾಡುವ, ಅಡುಗೆ ಮಾಡಿ ಶಾಲೆಗೂ ಹೋಗುವ ಹೆಂಗಸಿನ ಕಾಯಿಲೆ ಕಣ್ಣಿಗೆ ಬೀಳುವುದಿಲ್ಲ. ನಾನು ವರದಿಯ ಹಾಳೆಯನ್ನು ಪತಿಯ ಮುಂದಿಟ್ಟು, ಗಂಟೆಗೆ 34ನ್ನು ಏಳು ಗಂಟೆಯಿಂದ ಗುಣಿಸಲು ಹೇಳಿದೆ. 238 ಬಂತು. ಮರುದಿನವೇ ಅವರು ಚೀಟಿಯ ಹಣ ಎತ್ತುವ ಏರ್ಪಾಡು ಮಾಡಿದರು. ನಿಮ್ಮ ಮನೆಯಲ್ಲೂ ವರದಿಯನ್ನು ಕಪಾಟಿನಲ್ಲಿಡಬೇಡಿ. ಅದರಲ್ಲಿರುವ ಸಂಖ್ಯೆಗಳನ್ನು ಗಟ್ಟಿಯಾಗಿ ಓದಿ ಹೇಳಿ.

ಈ ಕಾಯುವ ದಿನಗಳಲ್ಲಿ ಏನೂ ಮಾಡಲಾಗದೆಂದು ತಿಳಿಯಬೇಡಿ. ಕಾಯಿಲೆ ಇದೆಯೆಂದು ಈಗ ಗೊತ್ತಿದೆ, ಗೊತ್ತಿರುವುದರಿಂದಲೇ ಸ್ವಲ್ಪ ಲಾಭವಿದೆ. ಅಂಗಾತ ಮಲಗಿದರೆ ನಾಲಗೆ ಹಿಂದಕ್ಕೆ ಬೀಳುವುದು ಹೆಚ್ಚು, ಆದ್ದರಿಂದ ಮಗ್ಗುಲಾಗಿ ಮಲಗಬೇಕು. ನಿದ್ದೆಯಲ್ಲಿ ಹೊರಳಿಬಿಡುತ್ತೇವಲ್ಲ, ಅದಕ್ಕೆ ಹಳೆಯ ಉಪಾಯವೊಂದಿದೆ: ರಾತ್ರಿ ತೊಡುವ ಅಂಗಿಯ ಬೆನ್ನಿಗೆ ಜೇಬು ಹೊಲಿದು ಟೆನ್ನಿಸ್ ಚೆಂಡು ಇಡುವುದು. ಮಗನ ಕ್ರಿಕೆಟ್ ಚೆಂಡು ಈಗ ನನ್ನ ಬೆನ್ನಲ್ಲಿದೆ, ಪುಣ್ಯಕ್ಕೆ ಅದು ಟೆನ್ನಿಸ್ ಚೆಂಡೇ. ಮೂಗು ಕಟ್ಟಿದ್ದರೆ ಅದಕ್ಕೆ ಔಷಧ ಕೇಳಿ ಪಡೆಯಿರಿ, ನಾಳೆ ಮಾಸ್ಕ್ ಹಾಕುವಾಗಲೂ ಮೂಗು ತೆರೆದಿರಬೇಕು. ನಿದ್ದೆ ಬರುವುದಿಲ್ಲವೆಂದು ನಿದ್ದೆ ಮಾತ್ರೆಯನ್ನು ನೀವಾಗಿಯೇ ನುಂಗಲೇಬೇಡಿ. ಅದು ಗಂಟಲನ್ನು ಇನ್ನಷ್ಟು ಸಡಿಲ ಮಾಡಬಹುದು, ಎಚ್ಚರವಾಗುವ ಶಕ್ತಿಯನ್ನೂ ಕುಗ್ಗಿಸಬಹುದು. ಮಂಪರು ತರುವ ಶೀತದ ಮಾತ್ರೆ, ಕೆಮ್ಮಿನ ಸಿರಪ್, ಬಲವಾದ ನೋವಿನ ಮಾತ್ರೆಗಳ ವಿಷಯದಲ್ಲೂ ವೈದ್ಯರನ್ನು ಕೇಳಿಯೇ ಮುಂದುವರಿಯಿರಿ. ಈ ನಡುವೆ ಯಾವುದಾದರೂ ಶಸ್ತ್ರಚಿಕಿತ್ಸೆ ಇದ್ದರೆ, ಚಿಕ್ಕದಾದರೂ ಸರಿ, ಅರಿವಳಿಕೆ ಕೊಡುವ ವೈದ್ಯರಿಗೆ ಈ ಕಾಯಿಲೆಯ ವಿಷಯ ತಿಳಿಸಲೇಬೇಕು. ತೂಕ ಇಳಿಸಿದರೆ ಒಳ್ಳೆಯದೇ. ಆದರೆ "ಮೊದಲು ತೂಕ ಇಳಿಸು, ಆಮೇಲೆ ಯಂತ್ರ" ಎನ್ನುವ ಬಂಧುಗಳ ಮಾತಿಗೆ ಕಿವಿಗೊಡಬೇಡಿ. ನಿದ್ದೆಗೆಟ್ಟ ದೇಹದ ತೂಕ ಇಳಿಸುವುದು ಎಷ್ಟು ಕಷ್ಟವೆಂದು ಅವರಿಗೆ ಗೊತ್ತಿಲ್ಲ. ತೆಳ್ಳಗಿನವರಿಗೂ ಈ ಕಾಯಿಲೆ ಬರುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ವಾಹನ. ನಾನು ಸ್ಕೂಟರ್ ಬಿಟ್ಟು ಬಸ್ಸಿಗೆ ಹೋಗುತ್ತಿದ್ದೇನೆ. ಚಾಲಕರಾಗಿರುವ ಗಂಡನೋ ಮಗನೋ ರಾತ್ರಿ ಉಸಿರು ಕಟ್ಟಿ ಏಳುತ್ತಾರೆ, ಹಗಲು ಕುಳಿತಲ್ಲೇ ತೂಕಡಿಸುತ್ತಾರೆ ಎಂದಾದರೆ ದಯವಿಟ್ಟು ಅದನ್ನು ನಗುವ ವಿಷಯ ಮಾಡಬೇಡಿ. ಬಿ.ಎ. ಓದುವಾಗ ಚಾರ್ಲ್ಸ್ ಡಿಕನ್ಸ್‌ನ ಪಿಕ್‌ವಿಕ್ ಪೇಪರ್ಸ್ ಕಾದಂಬರಿಯ ಜೋ ಎಂಬ ದಪ್ಪ ಹುಡುಗನನ್ನು ಕಂಡು ನಾವೆಲ್ಲ ನಕ್ಕಿದ್ದೆವು. ಅವನು ನಿಂತಲ್ಲಿ, ಕುಳಿತಲ್ಲಿ ನಿದ್ದೆ ಹೋಗುತ್ತಾನೆ, ಗೊರಕೆ ಹೊಡೆಯುತ್ತಾನೆ. 1956ರಲ್ಲಿ ಅಮೆರಿಕದ ವೈದ್ಯರು ಇದಕ್ಕೆ ಹತ್ತಿರದ ಒಂದು ಕಾಯಿಲೆಗೆ ಆ ಕಾದಂಬರಿಯ ಹೆಸರನ್ನೇ ಇಟ್ಟರು. ನೂರು ವರ್ಷಕ್ಕೂ ಹೆಚ್ಚು ಕಾಲ ಓದುಗರು ನಕ್ಕದ್ದು ಬಹುಶಃ ಒಬ್ಬ ರೋಗಿಯನ್ನು ನೋಡಿ.

ನಮ್ಮ ಕರಾವಳಿಯ ಮನೆಗಳಲ್ಲಿ ಇನ್ನೊಂದು ಮಾತು ಬರುತ್ತದೆ. ಗಲ್ಫ್‌ನಲ್ಲಿರುವ ಬಂಧುವಿನ ಬಳಿ ಒಂದು ಹಳೆಯ ಯಂತ್ರವಿದೆ, ಊರಿಗೆ ಬರುವವರ ಕೈಯಲ್ಲಿ ಕಳುಹಿಸುತ್ತಾರಂತೆ ಎಂದು. ನನಗೂ ಬಂತು. ಪ್ರೀತಿಯಿಂದ ಕೊಡುವುದನ್ನು ಬೇಡ ಎನ್ನುವುದು ಕಷ್ಟ. ಆದರೂ ಕೇಳಿ. 2021ರ ಜೂನ್‌ನಲ್ಲಿ ಫಿಲಿಪ್ಸ್ ಕಂಪೆನಿಯು ತನ್ನ ಲಕ್ಷಾಂತರ ಯಂತ್ರಗಳ ಬಗ್ಗೆ ಎಚ್ಚರಿಕೆ ಕೊಟ್ಟು ಹಿಂದಕ್ಕೆ ಕರೆಸಿತ್ತು. ಒಳಗೆ ಸದ್ದು ತಗ್ಗಿಸಲು ಇಟ್ಟ ಫೋಮ್ ಪುಡಿಯಾಗಿ ಉಸಿರಿನ ಜೊತೆ ಒಳಗೆ ಹೋಗಬಹುದೆಂಬ ಕಾರಣಕ್ಕೆ. ಹಳೆಯ ಯಂತ್ರ ಬಂದರೆ ಅದರ ಮಾದರಿ, ಸಂಖ್ಯೆ ನೋಡಿ ವಿಚಾರಿಸಬೇಕು. ಒತ್ತಡವೂ ಬೇರೆಯವರ ಗಂಟಲಿಗೆ ಹೊಂದಿಸಿದ್ದು. ಅವರ ಕನ್ನಡಕ ನಮಗೆ ಆಗುತ್ತದೆಯೇ? ಮಾಸ್ಕ್ ಮತ್ತು ಕೊಳವೆಯಂತೂ ಹೊಸದೇ ಆಗಬೇಕು. ವೈದ್ಯರು ನೋಡಿ ಹೊಂದಿಸಿಕೊಟ್ಟರೆ ಮಾತ್ರ ಬಳಸಿ.

ಗಡ್ಡ ತೆಗೆಯಬೇಕಾಗುತ್ತದೆಯೋ ಎಂಬ ಅಂಜಿಕೆಯಿಂದ ಪರೀಕ್ಷೆಗೇ ಹೋಗದ ಒಬ್ಬರನ್ನು ನಾನು ಬಲ್ಲೆ. ಮೂಗು ಬಾಯಿ ಎರಡನ್ನೂ ಮುಚ್ಚುವ ದೊಡ್ಡ ಮಾಸ್ಕ್ ಗಡ್ಡದ ಮೇಲೆ ಸರಿಯಾಗಿ ಕೂರದೆ ಗಾಳಿ ಸೋರಬಹುದು, ನಿಜ. ಆದರೆ ಮೂಗಿನ ಹೊಳ್ಳೆಗಳಿಗೆ ಮಾತ್ರ ತಾಗುವ ಸಣ್ಣ ಮಾಸ್ಕ್‌ಗಳಿವೆ, ಅವಕ್ಕೆ ಗಡ್ಡ ಅಡ್ಡಿಯಲ್ಲ. ಹೆಂಗಸರಿಗೆ ನನ್ನ ಮಾತು ಬೇರೆ. ಮಲಗುವ ಮುಂಚೆ ಮುಖಕ್ಕೆ ಎಣ್ಣೆ, ಕ್ರೀಮು ಹಚ್ಚಬೇಡಿ, ಮಾಸ್ಕ್ ಜಾರುತ್ತದೆ. ತುರುಬನ್ನು ಪಟ್ಟಿಗೆ ಅಡ್ಡವಾಗದಂತೆ ಕಟ್ಟಿ. ರಂಝಾನಿನಲ್ಲಿ ನಿದ್ದೆ ಎರಡು ತುಂಡಾಗುತ್ತದಲ್ಲ, ಸಹರಿ ಮುಗಿಸಿ ಸುಬ್‌ಹ್ ನಮಾಝ್ ಆದ ಮೇಲೆ ಮತ್ತೆ ಮಲಗುವವರು ಆ ಒಂದು ಗಂಟೆಗೂ ಮಾಸ್ಕ್ ಹಾಕಬೇಕು. ಯಂತ್ರ ಕಾಯಿಲೆಯನ್ನು ಬೇರುಸಹಿತ ಕೀಳುವುದಿಲ್ಲ, ಹಾಕಿಕೊಂಡ ನಿದ್ದೆಗೆ ಮಾತ್ರ ಅದರ ಕಾವಲು. ಮೊದಲ ವಾರಗಳಲ್ಲಿ ಅನೇಕರಿಗೆ ಉಸಿರು ಕಟ್ಟಿದಂತೆ ಅನಿಸುತ್ತದೆಯಂತೆ. ಹಗಲು ಎಚ್ಚರವಿದ್ದಾಗ ಅರ್ಧ ಗಂಟೆ ಹಾಕಿ ಕುಳಿತು ರೂಢಿ ಮಾಡಿಕೊಳ್ಳಲು ನನಗೆ ಹೇಳಿದ್ದಾರೆ. ಮಾಸ್ಕ್ ಮೊದಲೇ ಬಂದಿರುವುದರಿಂದ ಅದನ್ನು ಕಟ್ಟಿಕೊಂಡು ಉತ್ತರ ಪತ್ರಿಕೆ ತಿದ್ದಿದೆ. ಚಿಕ್ಕ ಮಗ ವಿಮಾನ ಬಿಡುವವರ ಹಾಗೆ ಕಾಣುತ್ತೀರಿ ಎಂದ.

ನಿಮ್ಮಲ್ಲಿ ಮುಟ್ಟು ನಿಂತ ವಯಸ್ಸಿನವರಿದ್ದರೆ ಇದನ್ನು ಇನ್ನಷ್ಟು ಗಮನವಿಟ್ಟು ಓದಿ, ಆ ನಂತರ ಹೆಂಗಸರಲ್ಲಿ ಈ ಕಾಯಿಲೆ ಹೆಚ್ಚಾಗುತ್ತದೆ. ಗರ್ಭಿಣಿಯಾದ ಮಗಳೋ ಸೊಸೆಯೋ ಹೊಸದಾಗಿ ಗೊರಕೆ ಹೊಡೆಯತೊಡಗಿದರೆ, ಬಿ.ಪಿ.ಯೂ ಏರಿದ್ದರೆ, ಮುಂದಿನ ತಪಾಸಣೆಯಲ್ಲಿ ಅದನ್ನು ಬಾಯಿಬಿಟ್ಟು ಹೇಳಲಿ.

ನನ್ನ ಯಂತ್ರ ಬರುವ ಶನಿವಾರ ಬರುತ್ತದೆಂದು ಫೋನು ಮಾಡಿದ್ದಾರೆ. ಮಂಚದ ಬದಿಯಲ್ಲಿ ಪ್ಲಗ್ ಇರಲಿಲ್ಲ, ಎಲೆಕ್ಟ್ರಿಷಿಯನ್ ನಿನ್ನೆ ಬಂದು ಇನ್‌ವರ್ಟರ್ ಲೈನಿನಿಂದ ಒಂದು ಹಾಕಿಕೊಟ್ಟ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋಗುವುದು ನಿಮಗೆ ಗೊತ್ತೇ ಇದೆ. ಅಲ್ಲಿಯವರೆಗೆ ಮಗಳು ನನ್ನ ಕೋಣೆಯಲ್ಲೇ ಮಲಗುತ್ತಾಳೆ. ನಾನು ಅಂಗಾತ ಹೊರಳಿದರೆ ಭುಜ ಹಿಡಿದು ಮಗ್ಗುಲಿಗೆ ತಿರುಗಿಸಿ, ತಾನೂ ಮಲಗುತ್ತಾಳೆ.